ನೆಲ ಡೊಂಕಿದೆಯೋ ನೋಡೋಣ, ದೀಪ ಹಚ್ಚಿ

ನೆಟ್‌ವರ್ಕಿಂಗ್ ಕಲಿಸುವ ಯಾವ ಕ್ಲಾಸಿಗೆ ಹೋಗಿ ಕೂತರೂ ಮೊದಲ ವಾರದಲ್ಲೇ ಒಂದು ಮಾತು ಕಿವಿಗೆ ಬೀಳುತ್ತದೆ: "ಪ್ಯಾಕೆಟ್ಟಿಗೆ ಅರ್ಧ ಮಾರ್ಕ್ಸ್ ಅಂದರೇನೂಂತ ಗೊತ್ತಿಲ್ಲ ಕಣ್ರೀ. ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ." ಹೇಳುವವರ ದನಿಯಲ್ಲಿ ಗಾದೆಯ ಗತ್ತಿರುತ್ತದೆ. ಕೇಳುವ ಹುಡುಗರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ನಾಲ್ಕೈದು ವರ್ಷ ಕಳೆದು ಅದೇ ಹುಡುಗರು ಎಂಟು ಗಂಟೆಯ ಲ್ಯಾಬ್ ಪರೀಕ್ಷೆಗೆ ಕೂತು, ನಪಾಸಾಗಿ, ಎಲ್ಲಿ ತಪ್ಪಿತೆಂದು ತಿಳಿಯದೆ ಮನೆಗೆ ಬಂದಾಗಲೂ ಅದೇ ಮಾತನ್ನು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಒಪ್ಪದೆ ಗೊಣಗಿದವನಿಗೆ ಇನ್ನೊಂದು ಗಾದೆ ಕಾದಿರುತ್ತದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನನ್ನ ತಕರಾರು ಇಷ್ಟು. ನೆಲ ಡೊಂಕಿದೆಯೋ ಇಲ್ಲವೋ ನೋಡಿಬಿಡೋಣ, ದೀಪ ಹಚ್ಚಿ ಅಂದರೆ ಯಾರೂ ಹಚ್ಚುವುದಿಲ್ಲ. ಹಚ್ಚಬಾರದು ಎಂಬುದೇ ನಿಯಮ. ಆ ನಿಯಮಕ್ಕೆ ಗುಣಮಟ್ಟ ಎಂದು ಹೆಸರಿಟ್ಟು, ಕತ್ತಲೆಯನ್ನೇ ಕಟ್ಟುನಿಟ್ಟು ಎಂದು ಪೂಜೆ ಮಾಡಿಕೊಂಡು ಬಂದಿದ್ದೇವೆ.

ಈ ಪೂಜೆಯ ದೊಡ್ಡ ದೇವಸ್ಥಾನ ಸಿಸ್ಕೊ ಕಂಪನಿಯ ಸಿಸಿಐಇ ಪರೀಕ್ಷೆ. ಶುರುವಾದದ್ದು 1993ರಲ್ಲಿ. ಪಾಸಾದವರಿಗೆಲ್ಲ ಒಂದೊಂದು ನಂಬರು. ಆ ಎಣಿಕೆ 1024ರಿಂದ ಹೊರಡುತ್ತದೆ. ಎರಡರ ಹತ್ತನೇ ಘಾತ, ಕಂಪ್ಯೂಟರಿನವರ ಕುಶಾಲು. 1024ನ್ನು ಮನುಷ್ಯರಿಗೆ ಕೊಡದೆ ಲ್ಯಾಬಿಗೇ ಕೊಟ್ಟರು, 1025 ಪರೀಕ್ಷೆ ರೂಪಿಸಿದ ಸ್ಟುವರ್ಟ್ ಬಿಗ್ಸ್‌ಗೆ ಹೋಯಿತು, 1026 ಲ್ಯಾಬಿಗೆ ಕೂತು ಮೊದಲು ಗೆದ್ದ ಟೆರ್ರಿ ಸ್ಲ್ಯಾಟರಿಗೆ. ಆಗ ಎರಡು ದಿನದ ಲ್ಯಾಬ್. ಮೊದಲ ದಿನ ಕಟ್ಟಿದ ನೆಟ್‌ವರ್ಕಿಗೆ ಅಂಕ ಸಾಲದಿದ್ದರೆ ಎರಡನೇ ದಿನ ಬರುವ ಹಾಗಿರಲಿಲ್ಲ. 2001ರಲ್ಲಿ ಅದು ಒಂದೇ ದಿನಕ್ಕೆ, ಎಂಟು ಗಂಟೆಗೆ ಇಳಿಯಿತು. ಲ್ಯಾಬ್ ಇರುವ ಊರುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಬ್ರಸೆಲ್ಸ್, ಟೋಕಿಯೊ, ಸಿಡ್ನಿ, ದುಬೈ, ಆ ಸಾಲಿನಲ್ಲಿ ನಮ್ಮ ಬೆಂಗಳೂರು. ಹೊರ ವರ್ತುಲ ರಸ್ತೆಯ ಟ್ರಾಫಿಕ್ಕಿಗೆ ಹೆದರಿ ಹಿಂದಿನ ರಾತ್ರಿಯೇ ಅಲ್ಲೇ ಹತ್ತಿರದ ಲಾಡ್ಜಿನಲ್ಲಿ ಮಲಗಿ, ನಿದ್ದೆ ಬಾರದೆ, ಬೆಳಗ್ಗೆ ಎರಡು ಇಡ್ಲಿಯೂ ಇಳಿಯದೆ ಕೂತವರ ಕಥೆಗಳು ಕನ್ನಡದಲ್ಲೂ ಬೇಕಾದಷ್ಟಿವೆ. ಶುಲ್ಕ ಹಲವು ವರ್ಷ 1600 ಡಾಲರ್ ಇತ್ತು. ರೂಪಾಯಿ ಲೆಕ್ಕದಲ್ಲಿ ಲಕ್ಷ ದಾಟುವ ಬಾಬತ್ತು.

ಅಂಕ ಕೊಡುವ ಬಗೆಯನ್ನು ಕಂಪನಿ ಬಹುಕಾಲ ಹೇಳುತ್ತ ಬಂದದ್ದು ಹೀಗೆ: ಅರ್ಧ ಅಂಕ ಇಲ್ಲ; ಕೆಲಸ ಮಾಡುವ ಕಾನ್ಫಿಗರೇಶನ್ನಿಗೆ ಮಾತ್ರ ಅಂಕ; ಕೆಲವು ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು; ಪ್ರಾಕ್ಟರ್‌ಗಳು, ಅಂದರೆ ಪರೀಕ್ಷಕರು, ಸ್ವಯಂಚಾಲಿತ ಸಲಕರಣೆಗಳ ನೆರವು ಪಡೆಯುತ್ತಾರೆ, ಆದರೆ ಹೊಣೆ ಅವರದೇ. ನೂರಕ್ಕೆ ಎಂಬತ್ತು ಬಂದರೆ ಪಾಸು ಎಂಬುದು ಅನೇಕ ವರ್ಷ ಎಲ್ಲರ ಬಾಯಲ್ಲಿದ್ದ ಲೆಕ್ಕ. ಪಾಸಾದವರಿಗೆ ಪಾಸು ಎಂಬ ಒಂದು ಪದ ಬರುತ್ತದೆ. ನಪಾಸಾದವರಿಗೆ ವಿಭಾಗವಾರು ಶೇಕಡಾವಾರು. ಇಂಥ ವಿಭಾಗದಲ್ಲಿ ಇಷ್ಟು, ಅಷ್ಟೇ. ಯಾವ ಕೆಲಸ, ಯಾವ ರೂಟರ್, ಯಾವ ಸಾಲು, ಒಂದೂ ಇಲ್ಲ.

ಈ ಏರ್ಪಾಡನ್ನು ಸಮರ್ಥಿಸುವವರು ದಡ್ಡರಲ್ಲ. ಅವರ ವಾದಕ್ಕೆ ಮೂರು ಕಾಲು. ಒಂದು, ನಿಜ ಜೀವನದಲ್ಲೂ ನೆಟ್‌ವರ್ಕ್ ಒಂದೋ ನಡೆಯುತ್ತದೆ, ಇಲ್ಲವೋ ನಿಲ್ಲುತ್ತದೆ. ಎರಡು, ಅರ್ಧ ಅಂಕ ಶುರುವಾದರೆ ಪರೀಕ್ಷಕನ ಮರ್ಜಿ ಶುರುವಾಗುತ್ತದೆ. ಯಂತ್ರಕ್ಕೆ ಮರ್ಜಿ ಇಲ್ಲ. ಮೂರು, ತಪ್ಪನ್ನು ತೋರಿಸಿದರೆ ಪ್ರಶ್ನೆಪತ್ರಿಕೆ ನಾಳೆಯೇ ಬೀದಿಗೆ ಬರುತ್ತದೆ. ಮೂರೂ ದೂರದಿಂದ ಗಟ್ಟಿಯಾಗಿಯೇ ಕಾಣುತ್ತವೆ. ಹತ್ತಿರ ಹೋಗಿ ಅಲ್ಲಾಡಿಸಿ ನೋಡಬೇಕು.

ಒಂದು ಪ್ರಶ್ನೆ ಇಟ್ಟುಕೊಳ್ಳೋಣ. ಇದು ಯಾವ ಪತ್ರಿಕೆಯದೂ ಅಲ್ಲ, ಕ್ಲಾಸಿನಲ್ಲಿ ನಾನೇ ಕೊಡುತ್ತಿದ್ದದ್ದು. ಎರಡು ರೂಟರ್, ನಡುವೆ ಒಂದು ಈಥರ್ನೆಟ್ ಕೊಂಡಿ. ರೂಟರ್‌ಗಳು ದಾರಿಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಓಎಸ್‌ಪಿಎಫ್ ಓಡಿಸಬೇಕು. ಈಥರ್ನೆಟ್ ಮೇಲೆ ಓಎಸ್‌ಪಿಎಫ್ ತನ್ನಷ್ಟಕ್ಕೆ ಬಿಟ್ಟರೆ ಒಬ್ಬ ಮುಖ್ಯಸ್ಥನನ್ನು ಆರಿಸಿಕೊಳ್ಳುತ್ತದೆ. ಡೆಸಿಗ್ನೇಟೆಡ್ ರೂಟರ್, ಬಾಯಿಮಾತಿನಲ್ಲಿ ಡಿಆರ್. ಇಬ್ಬರೇ ಇರುವ ಮನೆಯಲ್ಲಿ ಯಜಮಾನನ ಚುನಾವಣೆ ಯಾಕೆ? ಹಾಗಾಗಿ ಪ್ರಶ್ನೆ: "ಈ ಕೊಂಡಿಯಲ್ಲಿ ಡಿಆರ್ ಆಯ್ಕೆ ನಡೆಯಬಾರದು, ಎರಡೂ ಕಡೆಯ ರೂಟ್‌ಗಳು ವಿನಿಮಯವಾಗಬೇಕು." ಎರಡು ಅಂಕ.

ನಾಲ್ವರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಮೊದಲನೆಯವಳು ಎರಡೂ ತುದಿಯನ್ನು ಪಾಯಿಂಟ್ ಟು ಪಾಯಿಂಟ್ ಮಾಡುತ್ತಾಳೆ. ಪುಸ್ತಕದ ಉತ್ತರ. ಎರಡನೆಯವನು ಎರಡೂ ತುದಿಯನ್ನು ಪಾಯಿಂಟ್ ಟು ಮಲ್ಟಿಪಾಯಿಂಟ್ ಮಾಡುತ್ತಾನೆ. ನೆರೆಯ ರೂಟರಿಗೆ ಕಳಿಸುವ ಹಲೋ ಹತ್ತು ಸೆಕೆಂಡಿನ ಬದಲು ಮೂವತ್ತಕ್ಕೊಮ್ಮೆ ಹೋಗುತ್ತದೆ, ರೂಟಿಂಗ್ ಟೇಬಲ್ಲಿನಲ್ಲಿ ಒಂದೆರಡು ಹೆಚ್ಚಿನ ಸಾಲು ಕಾಣುತ್ತವೆ. ಆದರೆ ಡಿಆರ್ ಇಲ್ಲ, ರೂಟ್‌ಗಳೆಲ್ಲ ಬಂದಿವೆ. ಕೇಳಿದ್ದು ಅಷ್ಟೇ ತಾನೆ? ಮೂರನೆಯವನು ಎರಡೂ ಕಡೆ ಪ್ರಯಾರಿಟಿಯನ್ನು ಸೊನ್ನೆ ಮಾಡುತ್ತಾನೆ. ಡಿಆರ್ ಆಯ್ಕೆಯೇನೋ ನಿಂತಿತು, ಆದರೆ ನೆರೆಹೊರೆ ಟು-ವೇ ಸ್ಥಿತಿಯಲ್ಲೇ ಕೂತಿತು; ಒಂದು ರೂಟೂ ದಾಟಲಿಲ್ಲ. ಪರಿಭಾಷೆ ಗೊತ್ತು, ಒಳಗುಟ್ಟು ಗೊತ್ತಿಲ್ಲ. ನಾಲ್ಕನೆಯವಳಿಗೆ ಎಲ್ಲ ಗೊತ್ತು. ಆದರೆ ಅವಸರದಲ್ಲಿ ಒಂದು ತುದಿಯಲ್ಲಿ ಮಾತ್ರ ಪಾಯಿಂಟ್ ಟು ಪಾಯಿಂಟ್ ಹಾಕಿ ಇನ್ನೊಂದು ತುದಿಯಲ್ಲಿ ಬೇರೆ ಇಂಟರ್‌ಫೇಸಿಗೆ ಟೈಪ್ ಮಾಡಿದ್ದಾಳೆ.

ಈ ನಾಲ್ಕನೆಯವಳ ಪರದೆ ಸ್ವಲ್ಪ ನೋಡಬೇಕು. ಎರಡೂ ತುದಿಯಲ್ಲಿ ಹಲೋ ಹತ್ತು ಸೆಕೆಂಡೇ, ಹಾಗಾಗಿ ನೆರೆಹೊರೆ ಕೂಡಿಕೊಳ್ಳುತ್ತದೆ. 'ಶೋ ಐಪಿ ಓಎಸ್‌ಪಿಎಫ್ ನೇಬರ್' ಎಂದು ಹೊಡೆದರೆ ಫುಲ್ ಎಂದು ಬರುತ್ತದೆ. ಫುಲ್ ಅಂದರೆ ಎಲ್ಲ ಕ್ಷೇಮ ಎಂದು ನಾವು ಕಲಿಸಿರುತ್ತೇವೆ. ಆದರೆ ಕೊಂಡಿಯ ಬಗೆ ಏನೆಂಬುದರಲ್ಲೇ ಎರಡೂ ರೂಟರ್‌ಗಳಿಗೆ ಒಮ್ಮತವಿಲ್ಲದ್ದರಿಂದ ಒಂದು ರೂಟೂ ಟೇಬಲ್ಲಿಗೆ ಇಳಿಯುವುದಿಲ್ಲ. ಬೀಗರು ಬಂದು ಕೈಕುಲುಕಿ, ಕಾಫಿ ಕುಡಿದು, ಮಾತೇ ಆಡದೆ ಎದ್ದುಹೋದ ಹಾಗೆ.

ಈಗ ಯಂತ್ರವನ್ನು ಕರೆಯಿರಿ. ಅದು ಕಾನ್ಫಿಗರೇಶನ್ನಿನಲ್ಲಿ 'ಪಾಯಿಂಟ್ ಟು ಪಾಯಿಂಟ್' ಎಂಬ ಪದವನ್ನು ಹುಡುಕುವ ಯಂತ್ರವಾದರೆ, ನಡೆಯುವ ನೆಟ್‌ವರ್ಕ್ ಕಟ್ಟಿದ ಎರಡನೆಯವನಿಗೆ ಸೊನ್ನೆ. ನೆರೆಹೊರೆ ಫುಲ್ ಇದೆಯೇ ಎಂದು ಮಾತ್ರ ನೋಡುವ ಯಂತ್ರವಾದರೆ, ನಡೆಯದ ನೆಟ್‌ವರ್ಕ್ ಕಟ್ಟಿದ ನಾಲ್ಕನೆಯವಳಿಗೆ ಪೂರ್ತಿ ಎರಡು. ರೂಟ್ ಬಂದಿದೆಯೇ, ಡಿಆರ್ ಇಲ್ಲವೇ ಎಂದು ಎರಡನ್ನೂ ನೋಡುವ ಜಾಣ ಯಂತ್ರವಾದರೆ ಮೊದಲಿಬ್ಬರಿಗೆ ಅಂಕ, ಕೊನೆಯಿಬ್ಬರಿಗೆ ಸೊನ್ನೆ. ಸರಿ. ಆದರೆ ಅಲ್ಲಿಯೂ ಒಳಗುಟ್ಟು ತಿಳಿಯದವನಿಗೂ ಕೈತಪ್ಪಿದವಳಿಗೂ ಒಂದೇ ಸೊನ್ನೆ. ಒಂದೇ ಪ್ರಶ್ನೆ, ಮೂರು ಯಂತ್ರ, ಮೂರು ಫಲಿತಾಂಶ. ಯಂತ್ರಕ್ಕೆ ಮರ್ಜಿ ಇಲ್ಲ ಎನ್ನುವವರು ಯಂತ್ರವನ್ನು ಬರೆದವನ ಮರ್ಜಿಯನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ? ಮನುಷ್ಯ ಪರೀಕ್ಷಕ ಒಬ್ಬನಿಗೆ ಅನ್ಯಾಯ ಮಾಡಿದರೆ ಒಬ್ಬನಿಗೆ ಮಾಡಿದ. ಸ್ಕ್ರಿಪ್ಟು ಅನ್ಯಾಯ ಮಾಡಿದರೆ ಬಂದವರಿಗೆಲ್ಲ ಒಂದೇ ಸಮನೆ ಮಾಡುತ್ತದೆ, ಅದನ್ನೇ ಸಮಾನತೆ ಎನ್ನುತ್ತೇವೆ.

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಒಂದು ಸಣ್ಣ ತರಬೇತಿ ಸಂಸ್ಥೆಯಲ್ಲಿ ಸಂಜೆ ಕ್ಲಾಸು ತೆಗೆದುಕೊಳ್ಳುತ್ತಿದ್ದಾಗ ನಾನೇ ಇಂಥದೊಂದು ಸ್ಕ್ರಿಪ್ಟ್ ಬರೆದಿದ್ದೆ. ಮೂವತ್ತು ಜನರ ಲ್ಯಾಬನ್ನು ಕೈಯಲ್ಲಿ ನೋಡಿ ನೋಡಿ ಬೇಸತ್ತು, ಒಂದು ಭಾನುವಾರ ಪೂರ್ತಿ ಕೂತು ಬರೆದ ಪೈಥಾನ್ ಕೋಡು. ಪ್ರತಿ ರೂಟರಿಗೆ ಹೋಗುತ್ತದೆ, ಕಾನ್ಫಿಗರೇಶನ್ ಎಳೆದು ತರುತ್ತದೆ, ನಾನು ಕೊಟ್ಟ ಸಾಲುಗಳಿವೆಯೇ ನೋಡುತ್ತದೆ, ಅಂಕ ಬರೆಯುತ್ತದೆ. ಹತ್ತು ನಿಮಿಷದಲ್ಲಿ ಮೂವತ್ತು ಜನರ ಹಣೆಬರಹ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಪಕ್ಕದ ಬ್ಯಾಚಿನವರಿಗೂ ಕರೆದು ತೋರಿಸಿದ್ದೆ.

ಚಿಕ್ಕಮಗಳೂರಿನ ಕಡೆಯ ಒಬ್ಬ ಹುಡುಗ, ಹಗಲು ಒಂದು ಕೇಬಲ್ ಇಂಟರ್ನೆಟ್ಟಿನವರ ಹತ್ತಿರ ಕೆಲಸಕ್ಕಿದ್ದವನು, ಆ ಸಲ ನೂರಕ್ಕೆ ನಲವತ್ತೊಂದು ತೆಗೆದಿದ್ದ. ಎರಡು ವಾರ ಕಳೆದ ಮೇಲೆ ಬಂದು, "ಸಾರ್, ತಪ್ಪಾಗಿ ತಿಳ್ಕೋಬೇಡಿ, ನಂದು ಪಿಂಗ್ ಎಲ್ಲ ಕಡೆ ಹೋಗ್ತಿತ್ತು" ಅಂದ. ನಾನೂ ಗಾದೆ ಹೇಳುವವನೇ ಇದ್ದೆ. ಏನೋ ಅನ್ನಿಸಿ ಅವನ ಫೈಲು ತೆಗೆಸಿ ರೂಟರುಗಳಿಗೆ ಹಾಕಿ ನೋಡಿದೆ. ಎಲ್ಲ ಕಡೆ ಹೋಗುತ್ತಿತ್ತು. ಕೆಲಸದಲ್ಲಿ ಕಲಿತ ರೂಢಿಯಂತೆ ಅವನು ಓಎಸ್‌ಪಿಎಫನ್ನು ನೆಟ್‌ವರ್ಕ್ ಸಾಲಿನಲ್ಲಿ ಬರೆಯದೆ ನೇರ ಇಂಟರ್‌ಫೇಸಿನ ಕೆಳಗೆ ಬರೆದಿದ್ದ. ಅದು ಇನ್ನೂ ಅಚ್ಚುಕಟ್ಟಾದ ವಿಧಾನ. ನನ್ನ ಸ್ಕ್ರಿಪ್ಟಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಆ ಭಾನುವಾರ ನನಗೆ ಅದು ನೆನಪಾಗಿರಲಿಲ್ಲ. ಕ್ಲಾಸಿನಲ್ಲಿ ನಿಜವಾದ ನೆಟ್‌ವರ್ಕಿನ ಧೂಳು ಮೆತ್ತಿಕೊಂಡಿದ್ದ ಒಬ್ಬನೇ ಹುಡುಗ ಅವನು. ನನ್ನ ಪಟ್ಟಿಯಲ್ಲಿ ಅವನೇ ಕೊನೆಯವನು.

ಅವನು ಎರಡು ವಾರ ಯಾಕೆ ಕಾದ? ಯಂತ್ರ ಕೊಟ್ಟ ಅಂಕ ತಪ್ಪಿರಲಾರದು ಎಂದು ಅವನಿಗೂ ಅನ್ನಿಸಿತ್ತಂತೆ.

ಇಂಥದು ನಮ್ಮ ಕಸುಬಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ವೈದ್ಯ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಕರ ಮರ್ಜಿ ಹೆಚ್ಚಾಯಿತೆಂದು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಹೊಸ ಕ್ರಮವೊಂದನ್ನು ಮುಂದಿಟ್ಟರು. ಸಾಲಾಗಿ ಮೇಜುಗಳು, ಪ್ರತಿ ಮೇಜಿನಲ್ಲಿ ಒಂದು ಕೆಲಸ, ಪರೀಕ್ಷಕನ ಕೈಯಲ್ಲಿ ಟಿಕ್ ಹಾಕುವ ಪಟ್ಟಿ. ಓಎಸ್‌ಸಿಇ ಎಂದು ಇವತ್ತು ನಮ್ಮ ಮೆಡಿಕಲ್ ಕಾಲೇಜುಗಳವರಿಗೂ ಪರಿಚಿತ. ಒಳ್ಳೆಯದೇ ಆಯಿತು. ಆದರೆ 1999ರಲ್ಲಿ ಟೊರಾಂಟೊದ ಬ್ರಯನ್ ಹಾಡ್ಜಸ್ ಮತ್ತು ಸಂಗಡಿಗರು ಒಂದು ತಮಾಷೆ ಕಂಡರು. ವಿದ್ಯಾರ್ಥಿಗಳು, ತರಬೇತಿಯಲ್ಲಿರುವ ವೈದ್ಯರು, ಪಳಗಿದ ವೈದ್ಯರು ಮೂವರನ್ನೂ ಒಂದೇ ಪರೀಕ್ಷೆಗೆ ಕೂರಿಸಿದಾಗ ಟಿಕ್ ಪಟ್ಟಿಯಲ್ಲಿ ಹಿಂದೆ ಬಿದ್ದವರು ಪಳಗಿದವರೇ. ಒಟ್ಟಾರೆ ಹೇಗಿತ್ತು ಎಂದು ಪರೀಕ್ಷಕರು ತೂಗಿ ಕೊಟ್ಟ ಅಂಕದಲ್ಲಿ ಮಾತ್ರ ಅನುಭವ ಮೇಲೆ ಬಂತು. ಪಳಗಿದವನು ನಾಲ್ಕು ಪ್ರಶ್ನೆ ಬಿಟ್ಟು ನೇರ ಐದನೆಯದಕ್ಕೆ ಹೋಗುತ್ತಾನೆ. ಪಟ್ಟಿಯಲ್ಲಿ ನಾಲ್ಕು ಟಿಕ್ ಖಾಲಿ ಉಳಿಯುತ್ತವೆ. ನಮ್ಮ ಚಿಕ್ಕಮಗಳೂರಿನ ಹುಡುಗನಿಗೆ ಆದದ್ದು ಇದೇ.

ಇನ್ನು 'ನಿಜ ಜೀವನ' ಎಂಬ ವಾದ. ಇದನ್ನು ಹೇಳುವಾಗ ನಮ್ಮವರ ಎದೆ ಒಂದಿಂಚು ಮುಂದೆ ಬರುತ್ತದೆ. ನಿಜ ಜೀವನದಲ್ಲಿ ನೆಟ್‌ವರ್ಕ್ ಒಂದೋ ಸೊನ್ನೆಯೋ ಅಂತೆ! ಆಪರೇಶನ್ಸ್ ಪಾಳಿಯಲ್ಲಿ ಒಂದು ರಾತ್ರಿ ಕೂತವರು ಈ ಮಾತು ಹೇಳಲಾರರು. ನೂರರಲ್ಲಿ ಎರಡು ಪ್ಯಾಕೆಟ್ ಬಿದ್ದುಹೋಗುವ ಲಿಂಕು, ಮೇಲ್ ಹೋಗುತ್ತದೆ, ಫೋನಿನ ದನಿ ಮಾತ್ರ ತುಂಡು ತುಂಡು. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು, ನಡುವಿನ ಫೈರ್‌ವಾಲಿಗೆ ಅರ್ಧ ಸಂಭಾಷಣೆ ಮಾತ್ರ ಕೇಳಿ ಅದು ಮುನಿಸಿಕೊಳ್ಳುವುದು. ಒಂದು ಕೊಂಡಿ ಸತ್ತದ್ದು ಓಎಸ್‌ಪಿಎಫ್‌ಗೆ ತಿಳಿಯಲು ಮಾಮೂಲಿ ಲೆಕ್ಕದಲ್ಲಿ 40 ಸೆಕೆಂಡು ಬೇಕಾಗಬಹುದು, ಕೊಂಡಿ ಸತ್ತದ್ದನ್ನು ಬೇಗ ಹಿಡಿಯುವ ಬಿಎಫ್‌ಡಿ ಹಾಕಿದ್ದರೆ ಒಂದು ಸೆಕೆಂಡಿಗೂ ಕಮ್ಮಿ. ಎರಡೂ 'ಕೆಲಸ ಮಾಡುತ್ತವೆ', ಬ್ಯಾಂಕಿನವರು ಒಂದನ್ನು ಮಾತ್ರ ಒಪ್ಪುತ್ತಾರೆ. ನೆಟ್‌ವರ್ಕಿನವನ ಬದುಕೆಲ್ಲ ಕಳೆಯುವುದು ಒಂದಕ್ಕೂ ಸೊನ್ನೆಗೂ ನಡುವಿನ ಆ ಕೆಸರಿನಲ್ಲಿ.

ನಿಜ ಜೀವನವನ್ನೇ ಸಾಕ್ಷಿಗೆ ಕರೆಯುವುದಾದರೆ ಪೂರ್ತಿ ಕರೆಯಿರಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಜಗತ್ತಿನಿಂದ ಮಾಯವಾಗಿದ್ದವು. ನಮ್ಮಲ್ಲಿ ಆಗ ರಾತ್ರಿ. ಮೋಡೆಮ್ ಆಫ್ ಮಾಡಿ ಆನ್ ಮಾಡಿದವರು ಎಷ್ಟು ಮಂದಿಯೋ. ಮಾರನೆಯ ದಿನವೇ ಕಂಪನಿ ಕಾರಣ ಬರೆದು ಹೊರಹಾಕಿತು. ಬೆನ್ನೆಲುಬು ಜಾಲದ ಸಾಮರ್ಥ್ಯ ಎಷ್ಟಿದೆ ಎಂದು ಅಳೆಯಲು ಕೊಟ್ಟ ಒಂದು ಕಮಾಂಡ್, ಇಡೀ ಬೆನ್ನೆಲುಬನ್ನೇ ಬೀಳಿಸಿತು. ಡಿಎನ್‌ಎಸ್ ಸರ್ವರುಗಳು ತಮ್ಮನ್ನು ತಲುಪುವ ದಾರಿಯನ್ನು ಹೊರಜಗತ್ತಿಗೆ ಸಾರುವ ಬಿಜಿಪಿ ಘೋಷಣೆಗಳನ್ನು ಹಿಂದಕ್ಕೆ ತೆಗೆದುಕೊಂಡವು. ಇಂಥ ಕಮಾಂಡುಗಳನ್ನು ಮೊದಲೇ ಪರೀಕ್ಷಿಸಿ ತಡೆಯುವ ಸಲಕರಣೆಯೊಂದಿತ್ತು. ಆ ಸಲಕರಣೆಯಲ್ಲೇ ದೋಷವಿದ್ದು ಅದು ತಡೆಯಲಿಲ್ಲ. ಗಮನಿಸಿ: ತಪ್ಪು ಮಾಡಿದ್ದು ಕಮಾಂಡ್ ಕೊಟ್ಟ ಕೈ ಮಾತ್ರವಲ್ಲ, ಸರಿ ತಪ್ಪು ಹೇಳಬೇಕಾದ ಯಂತ್ರವೂ ತಪ್ಪಿತು.

ನಿಜ ಜೀವನ ಎಂದರೆ ಇದು. ಏನು ಬಿತ್ತು, ಯಾವ ಕಮಾಂಡ್, ಯಾಕೆ ಯಾರಿಗೂ ಕಾಣಲಿಲ್ಲ, ಇದನ್ನೆಲ್ಲ ಬರೆಯದೆ ಯಾವ ಕಂಪನಿಯಲ್ಲೂ ಟಿಕೆಟ್ ಮುಚ್ಚುವುದಿಲ್ಲ. ಆರ್‌ಸಿಎ (ಮೂಲಕಾರಣದ ವರದಿ) ಎಲ್ಲಿ, ಆರ್‌ಸಿಎ ಕಳಿಸಿ ಎಂದು ಗಿರಾಕಿ ಬೆನ್ನು ಬೀಳುತ್ತಾನೆ. ಆ ಕಾಗದವಿಲ್ಲದೆ ನಮ್ಮ ಕಸುಬೇ ಇಲ್ಲ. ಇಂಥ ಕಸುಬಿನ ಅತ್ಯುನ್ನತ ಪರೀಕ್ಷೆ, ಎಂಟು ಗಂಟೆ ದುಡಿದವನಿಗೆ "ಈ ವಿಭಾಗದಲ್ಲಿ ಇಷ್ಟು ಶೇಕಡಾ" ಎಂದು ಹೇಳಿ ಟಿಕೆಟ್ ಮುಚ್ಚುತ್ತದೆ. ಯಾವ ಇಂಜಿನಿಯರಾದರೂ ಗಿರಾಕಿಗೆ ಇಂಥ ಆರ್‌ಸಿಎ ಕಳಿಸಿದರೆ ಮಾರನೆಯ ದಿನ ಮ್ಯಾನೇಜರ್ ಕರೆಯುತ್ತಾನೆ.

ಒಂದರ ಮೇಲೊಂದು ನಿಂತ ಪ್ರಶ್ನೆಗಳ ವಿಚಾರ ಇನ್ನೂ ಕೆಟ್ಟದ್ದು. ಸ್ವಿಚ್ಚಿನ ಟ್ರಂಕಿಗೆ ಹೊಸ ವಿಲ್ಯಾನ್ ಸೇರಿಸುವಾಗ 'ಆ್ಯಡ್' ಎಂಬ ಪದ ಮರೆತರೆ, ಇದ್ದ ಪಟ್ಟಿಯೆಲ್ಲ ಅಳಿಸಿ ಹೊಸದೊಂದೇ ಉಳಿಯುತ್ತದೆ. ಈ ಕಸುಬಿನಲ್ಲಿ ಒಮ್ಮೆಯಾದರೂ ಇದನ್ನು ಮಾಡದವರು ಕಡಿಮೆ, ಮಾಡಿಲ್ಲ ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಲ್ಯಾಬಿನ ಕೊನೆಯ ಅರ್ಧ ಗಂಟೆಯಲ್ಲಿ ಹೀಗಾದರೆ ಕೆಳಗಿನ ಪದರ ಹೋಯಿತು. ಅದರ ಮೇಲಿನ ಓಎಸ್‌ಪಿಎಫ್ ಹೋಯಿತು. ಅದನ್ನು ನಂಬಿದ ಬಿಜಿಪಿ ಹೋಯಿತು. ಮಲ್ಟಿಕಾಸ್ಟ್ ಕೇಳುವುದೇ ಬೇಡ. ಮೂರಕ್ಷರದ ಒಂದು ಇಂಗ್ಲಿಷ್ ಪದಕ್ಕೆ ಇಪ್ಪತ್ತು ಅಂಕ. "ಕೊನೆಗೊಮ್ಮೆ ಎಲ್ಲ ತಾಳೆ ನೋಡಬೇಕಿತ್ತು" ಎನ್ನುತ್ತೀರಿ. ನೋಡಬೇಕಿತ್ತು, ಒಪ್ಪಿದೆ, ಅದಕ್ಕೆ ದಂಡ ಇರಲಿ. ಒಂದು ತಪ್ಪಿಗೆ ಒಂದು ದಂಡ. ಅದೇ ತಪ್ಪನ್ನು ಎಂಟು ಹೆಸರಿನಲ್ಲಿ ಎಂಟು ಸಲ ಎಣಿಸಿ, ಇವನಿಗೆ ಬಿಜಿಪಿ ಬಾರದು ಎಂದು ಬರೆದು ಕಳಿಸುವುದು ಬೇರೆ. ಅವನು ಆ ಕಾಗದ ನಂಬಿ ಮುಂದಿನ ಆರು ತಿಂಗಳು ಬಿಜಿಪಿ ಓದುತ್ತಾನೆ. ಅವನಿಗೆ ಬಿಜಿಪಿ ಬರುತ್ತಿತ್ತು.

ಮೂರನೆಯ ಕಾಲು, ಗುಟ್ಟು. ಹೇಳಿದರೆ ಸೋರುತ್ತದೆ ಎನ್ನುತ್ತಾರೆ. ಹೇಳದಿದ್ದಾಗ ಸೋರದೆ ಉಳಿದಿದೆಯೇ? ಈ ಕಸುಬಿನಲ್ಲಿ 'ಡಂಪ್' ಎಂಬ ಪದಕ್ಕೆ ಅರ್ಥ ಕೇಳುವವರೇ ಇಲ್ಲ. ಲ್ಯಾಬಿನ ಪೂರ್ತಿ ಪ್ರಶ್ನೆ, ಜೊತೆಗೆ 'ವರ್ಕಿಂಗ್ ಸೊಲ್ಯೂಶನ್' ಎಂದು ಬಿಸಿ ದೋಸೆಯಂತೆ ಖರ್ಚಾಗುವ ಉತ್ತರ. ಯಾಕೆ ಖರ್ಚಾಗುತ್ತದೆ? ಯಾವ ಉತ್ತರಕ್ಕೆ ಅಂಕ ಬೀಳುತ್ತದೆಂದು ಪರೀಕ್ಷೆ ಹೇಳುವುದಿಲ್ಲ, ಡಂಪಿನವನು ಹೇಳುತ್ತಾನೆ. ನಾಲ್ಕು ಸರಿದಾರಿಯಲ್ಲಿ ಯಾವುದನ್ನು ಯಂತ್ರ ಒಪ್ಪುತ್ತದೆಂಬುದು ಗುಟ್ಟಾದಷ್ಟೂ, ಆ ಗುಟ್ಟಿಗೆ ಬೆಲೆ. ತಾನೇ ಯೋಚಿಸಿ ಬರೆದವನಿಗೆ ಜೂಜು, ಉರು ಹೊಡೆದವನಿಗೆ ಖಾತರಿ. ಕತ್ತಲೆಯಿಂದ ಲಾಭವಾದದ್ದು ಯಾರಿಗೆಂದು ಬಿಡಿಸಿ ಹೇಳಬೇಕೆ?

ತಮಾಷೆಯೆಂದರೆ ಸಿಸ್ಕೊ ಕಂಪನಿಗೇ ಇದು ಗೊತ್ತು. 2009ರಲ್ಲಿ ಲ್ಯಾಬಿನ ಆರಂಭದಲ್ಲಿ ನಾಲ್ಕು ಸಣ್ಣ ಪ್ರಶ್ನೆ ಇಟ್ಟರು, ಒಂದೆರಡು ಸಾಲಿನಲ್ಲಿ ಸ್ವಂತ ಮಾತಿನಲ್ಲಿ ಉತ್ತರಿಸಬೇಕು. ಕಾನ್ಫಿಗರೇಶನ್ ನೋಡಿ ಅಂಕ ಕೊಟ್ಟರೆ, ತಿಳಿದವನು ಯಾರು ಉರು ಹೊಡೆದವನು ಯಾರು ಎಂದು ತಿಳಿಯುವುದಿಲ್ಲ ಎಂದು ಒಪ್ಪಿಕೊಂಡ ಹಾಗೆಯೇ ಅದು. ದೊಡ್ಡ ಗಲಾಟೆಯಾಯಿತು, ಮರುವರ್ಷ ತೆಗೆದರು. 2014ರಲ್ಲಿ ಅರ್ಧ ಗಂಟೆಯ ಡಯಾಗ್ನಾಸ್ಟಿಕ್ ವಿಭಾಗ ಬಂತು: ಕೈಗೆ ರೂಟರ್ ಇಲ್ಲ, ಕಾಗದಪತ್ರ ನೋಡಿ ರೋಗ ಹೇಳು. 2020ರ ಫೆಬ್ರವರಿಯಿಂದ ಮೂರು ಗಂಟೆ ಡಿಸೈನ್, ಐದು ಗಂಟೆ ಕಟ್ಟಿ ನಡೆಸುವ ಕೆಲಸ. ಹೀಗೆ ಪರೀಕ್ಷೆ ನಡೆಸುವವರೇ 'ನಡೆಯಿತೋ ಇಲ್ಲವೋ' ಎಂಬ ಒಂದೇ ಅಳತೆಗೋಲು ಸಾಲದೆಂದು ಮೂರು ಸಲ ತಿದ್ದಿದ್ದಾರೆ. ಪ್ಯಾಕೆಟ್ಟಿಗೆ ಅರ್ಧ ಮಾರ್ಕ್ಸ್ ಗೊತ್ತಿಲ್ಲ ಎನ್ನುತ್ತಿರುವವರು ನಾವು. ಪೂಜಾರಿಗಿಂತ ಭಕ್ತರದೇ ಮಡಿ ಹೆಚ್ಚು.

ಹಾಗಾದರೆ ಮನುಷ್ಯ ಪರೀಕ್ಷಕರೇ ಬರಲಿ ಎನ್ನುತ್ತೀಯಾ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ನೋಡಿಲ್ಲವೇ ಎಂದು ಕೇಳಬಹುದು. ಚೆನ್ನಾಗಿ ನೋಡಿದ್ದೇನೆ. ವಿಟಿಯು ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು. ಬೆಲ್‌ಮನ್ ಫೋರ್ಡ್ ಬಂದರೆ ಮುಖ ಅರಳುತ್ತದೆ, ಬೇರೇನೋ ಬಂದರೆ ಬಾಡುತ್ತದೆ. ಪ್ರೊಸೀಜರ್ ಬರೆದದ್ದಕ್ಕೆ 15, ಓಡಿಸಿದ್ದಕ್ಕೆ 70, ವೈವಾಗೆ 15 ಎಂದು 2018ರ ಸ್ಕೀಮಿನಲ್ಲಿ ಹಂಚಿಕೆಯಿತ್ತು. ಎತ್ತಿದ ಪ್ರಯೋಗ ಬಾರದಿದ್ದರೆ ಒಂದೇ ಒಂದು ಸಲ ಬದಲಾಯಿಸಿಕೊಳ್ಳಬಹುದು, ಪ್ರೊಸೀಜರಿನ ಅಂಕ ಮಾತ್ರ ಸೊನ್ನೆ. ಎಕ್ಸ್‌ಟರ್ನಲ್ ಪರೀಕ್ಷಕರಿಗೆ ಬೆಳಗಿನ ತಿಂಡಿ ಹಿಡಿಸಿತೋ ಇಲ್ಲವೋ ಎಂಬುದರ ಮೇಲೆ ವೈವಾದ ಹವಾಮಾನ ನಿಲ್ಲುತ್ತದೆ ಎಂಬ ಗೊಣಗಾಟದಲ್ಲಿ ಸುಳ್ಳೇನಿಲ್ಲ. ಆದರೂ ಆ ಕಿಷ್ಕಿಂಧೆಯಲ್ಲಿ ಎರಡು ಒಳ್ಳೆಯ ಸಂಗತಿ ಉಳಿದುಕೊಂಡಿವೆ. ಪ್ರೋಗ್ರಾಂ ಓಡದಿದ್ದರೂ ಎಲ್ಲಿಯವರೆಗೆ ಬಂದೆ ಎಂದು ಕೇಳುವ ಒಬ್ಬರಿದ್ದಾರೆ. ಓಡಿದರೂ, ಈ ಸಾಲು ಯಾಕೆ ಬರೆದೆಯಮ್ಮ ಎಂದು ಕೇಳುವ ಒಬ್ಬರಿದ್ದಾರೆ. ಉರು ಹೊಡೆದು ಬಂದವರು ಈ ಎರಡನೇ ಪ್ರಶ್ನೆಗೆ ಹೆದರುವಷ್ಟು ಯಾವ ಯಂತ್ರಕ್ಕೂ ಹೆದರುವುದಿಲ್ಲ.

ಯಂತ್ರವನ್ನು ಆಚೆಗೆ ಅಟ್ಟಿ ಎಂದು ನಾನು ಹೇಳುತ್ತಿಲ್ಲ. ಯಂತ್ರದಿಂದ ಅಂಕ ಕೊಟ್ಟೂ ಮರ್ಯಾದೆಯಿಂದ ನಡೆದುಕೊಳ್ಳುವ ಪರೀಕ್ಷೆಗಳಿವೆ. ರೆಡ್ ಹ್ಯಾಟ್‌ನವರ ಆರ್‌ಎಚ್‌ಸಿಎಸ್‌ಎ ನೋಡಿ, ಲಿನಕ್ಸಿನದು, 300ಕ್ಕೆ 210 ಬೇಕು. ಯಂತ್ರವನ್ನು ರೀಬೂಟ್ ಮಾಡಿದ ಮೇಲೂ ನಿಮ್ಮ ಕೆಲಸ ಉಳಿದಿರಬೇಕೆಂದು ಮುಂಚೆಯೇ ಹೇಳಿರುತ್ತಾರೆ. ನಿರ್ದಯ ನಿಯಮ, ಆದರೆ ಬಾಗಿಲಲ್ಲೇ ಬರೆದು ಹಾಕಿದ ನಿಯಮ. ಕುಬರ್ನೆಟೀಸಿನ ಸಿಕೆಎ ಪರೀಕ್ಷೆಯವರು ದಾರಿ ಯಾವುದಾದರೂ ಹಿಡಿಯಿರಿ, ಕೊನೆಗೆ ಸ್ಥಿತಿ ಸರಿಯಿರಲಿ ಎನ್ನುತ್ತಾರೆ. ನಮ್ಮ ಆರ್‌ಟಿಓದ ಎಂಟು ಹಾಕುವ ಪರೀಕ್ಷೆಯೇ ನೋಡಿ. ಅಲ್ಲೂ ಅರ್ಧ ಅಂಕವಿಲ್ಲ. ಆದರೆ ಕಾಲು ಊರಿದ್ದು ಊರಿದವನಿಗೂ ಕಾಣುತ್ತದೆ, ಗೇಟಿನ ಹೊರಗೆ ನಿಂತ ಅವನ ಮಾವನಿಗೂ ಕಾಣುತ್ತದೆ.

ನಮ್ಮ ಪಿಯುಸಿ ಹುಡುಗಿಯೊಬ್ಬಳು ಫಿಸಿಕ್ಸಿನಲ್ಲಿ ಅಂಕ ಕಮ್ಮಿ ಬಂತೆಂದರೆ ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು, ಎಲ್ಲಿ ಕೈಬಿಟ್ಟಿದ್ದಾರೆಂದು ಬೆರಳಿಟ್ಟು ನೋಡಿ, ಮರುಮೌಲ್ಯಮಾಪನಕ್ಕೆ ಹಾಕುತ್ತಾಳೆ. 2011ರ ಆಗಸ್ಟ್‌ನಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿದ್ದಿದ ಉತ್ತರಪತ್ರಿಕೆ ನೋಡುವುದು ಮಾಹಿತಿ ಹಕ್ಕಿನಡಿ ಪರೀಕ್ಷಾರ್ಥಿಯ ಹಕ್ಕು ಎಂದಿತು. ಅದಾದ ಮೇಲೆ ಬೋರ್ಡುಗಳೇನೂ ಮುಳುಗಲಿಲ್ಲ. ಖಾಸಗಿ ಕಂಪನಿಯ ಸರ್ಟಿಫಿಕೇಟಿಗೆ ಆ ಕಾಯಿದೆ ತಾಗುವುದಿಲ್ಲ, ಗೊತ್ತು. ಆದರೆ ಲಕ್ಷ ರೂಪಾಯಿ ಕಟ್ಟಿದವನಿಗೆ, ಕೆಲವು ನೂರು ಕಟ್ಟಿದ ಪಿಯುಸಿ ಹುಡುಗಿಗಿರುವಷ್ಟು ಬೆಳಕೂ ಇಲ್ಲವೆಂದರೆ, ಅದನ್ನು ಗುಣಮಟ್ಟ ಎನ್ನಲು ನಾಲಿಗೆ ಹೇಗೆ ಹೊರಳುತ್ತದೆ?

ಮರುಪರಿಶೀಲನೆ ಇತ್ತಲ್ಲ ಎನ್ನಬಹುದು. ಸಿಸಿಐಇ ಲ್ಯಾಬಿಗೆ ರೀರೀಡ್ ಎಂಬ ವ್ಯವಸ್ಥೆಯೊಂದಿತ್ತು: ಮತ್ತೆ ದೊಡ್ಡ ಶುಲ್ಕ, ಇನ್ನೊಬ್ಬ ಪ್ರಾಕ್ಟರ್ ನಿಮ್ಮ ಕಾನ್ಫಿಗರೇಶನ್ನನ್ನು ಮತ್ತೆ ರೂಟರುಗಳಿಗೆ ಏರಿಸಿ ಹೊಸದಾಗಿ ಅಂಕ ಹಾಕುತ್ತಿದ್ದರು, ಫಲಿತಾಂಶ ಬದಲಾದರೆ ಹಣ ವಾಪಸು. ಅವರು ನೋಡುತ್ತಿದ್ದದ್ದೂ ಅದೇ ಉತ್ತರದ ಕೀಲಿಯನ್ನು. ಕೀಲಿಯೇ ಸೊಟ್ಟಗಿದ್ದರೆ ಅದು ಎರಡನೇ ಸಲವೂ ಸೊಟ್ಟಗೇ ತಿರುಗುತ್ತದೆ. ಚಿಕ್ಕಮಗಳೂರಿನ ಹುಡುಗನ ಫೈಲನ್ನು ನನ್ನ ಸ್ಕ್ರಿಪ್ಟು ನೂರು ಸಲ ನೋಡಿದ್ದರೂ ನಲವತ್ತೊಂದೇ ಕೊಡುತ್ತಿತ್ತು.

ಅವನು ಬಂದು ಹೇಳಿದ ದಿನ ರಾತ್ರಿ ಆ ಸ್ಕ್ರಿಪ್ಟನ್ನು ತೆರೆದು ಕೂತೆ. ಸಾಲು ಹುಡುಕುವುದನ್ನು ತೆಗೆದು ಸ್ಥಿತಿ ನೋಡುವ ಹಾಗೆ ಬರೆಯಲು ಒಂದು ವಾರ ಹಿಡಿಯಿತು. ಅದು ಕಷ್ಟದ ಕೆಲಸ, ಈಗಲೂ ಪೂರ್ತಿ ಸರಿಯಾಗಿದೆ ಎನ್ನಲಾರೆ. ಆದರೆ ಇನ್ನೊಂದು ಬದಲಾವಣೆಗೆ ಐದು ನಿಮಿಷವೂ ಬೇಕಾಗಲಿಲ್ಲ. ಅಂಕದ ಪಕ್ಕದಲ್ಲಿ ಪ್ರತಿ ಪ್ರಶ್ನೆಗೆ ಒಂದು ಸಾಲು ಅಚ್ಚಾಗುವ ಹಾಗೆ ಮಾಡಿದೆ. "ಪ್ರಶ್ನೆ 7: ಎರಡನೇ ರೂಟರಿನಲ್ಲಿ ಮೂರು ರೂಟ್ ನಿರೀಕ್ಷಿಸಿದ್ದೆ, ಒಂದೂ ಸಿಗಲಿಲ್ಲ, ನೆರೆಹೊರೆ ಫುಲ್ ಇದೆ." ಹೊಸದಾಗಿ ಏನೂ ಬರೆಯಬೇಕಾಗಿರಲಿಲ್ಲ. ಏನು ಹುಡುಕಿದೆ, ಏನು ಸಿಗಲಿಲ್ಲ ಎಂಬ ಮಾತನ್ನು ಸ್ಕ್ರಿಪ್ಟು ಮೊದಲಿನಿಂದಲೂ ತನ್ನೊಳಗೆ ಹೇಳಿಕೊಳ್ಳುತ್ತಲೇ ಇತ್ತು. ಪರದೆಯ ಮೇಲೆ ಬಾರದಂತೆ ಆ ಭಾನುವಾರ ನಾನೇ ಅದರ ಬಾಯಿ ಮುಚ್ಚಿದ್ದೆ.